ನಾಯಕಿಯ ಬಿಳಿ ಕುದುರೆ

ಗಂಡಸು ಕುಡಿದರೆ ಊರು ಹೇಗೋ ಸಹಿಸಿಕೊಳ್ಳುತ್ತದೆ, ಇಸ್ಪೀಟಾಡಿದರೂ ಸಹಿಸಿಕೊಳ್ಳುತ್ತದೆ. ಪ್ರೇಮ ಕಾದಂಬರಿ ಓದುತ್ತಾನೆಂದು ಗೊತ್ತಾದರೆ ಮಾತ್ರ ಒಂದು ಥರಾ ನೋಡುತ್ತದೆ. ಹಾಗಾಗಿ ನನ್ನ ಚಟವನ್ನು ಬಹಳ ಕಾಲ ಹಿಟ್ಟಿನ ಮಿಲ್ಲಿನ ಗದ್ದಲದೊಳಗೆ ಬಚ್ಚಿಟ್ಟಿದ್ದೆ. ನಂಜನಗೂಡಿನಲ್ಲಿ ನನ್ನದೊಂದು ರಾಗಿ ಬೀಸುವ ಮಿಲ್ಲಿದೆ. ಹೈಸ್ಕೂಲು ಮುಗಿಸದವನು ನಾನು; ಆದರೂ ಮೇಲಿನಿಂದ ರಾಗಿ ಸುರಿದು ಕೆಳಗೆ ಹಿಟ್ಟು ಬಂದು ಮುಗಿಯುವಷ್ಟರಲ್ಲಿ ಒಂದು ಅಧ್ಯಾಯ ಓದಿಬಿಡುತ್ತೇನೆ. ಕೋಟೆ, ಕತ್ತಿ, ಪಾಳೇಗಾರರ ಕಾಲದ ಕಥೆಯೇ ಆಗಬೇಕು, ನಾಯಕ ನಾಯಕಿ ಮೊದಲು ಹಾವು ಮುಂಗುಸಿಯಂತೆ ಕಚ್ಚಾಡಬೇಕು. ಮೊದಲ ನೋಟಕ್ಕೇ ಪ್ರೀತಿಸಿಬಿಡುವವರ ಕಥೆ ನನಗೆ ಉಪ್ಪಿಲ್ಲದ ಸಾರು. ಪಾಳೇಗಾರನ ಮಗಳು ಶತ್ರು ದಳವಾಯಿಯ ಮುಖಕ್ಕೆ ಆರತಿ ತಟ್ಟೆ ಎಸೆಯಬೇಕು, ಅವನು 'ಎಲೈ ಗರ್ವಿಷ್ಠೆ' ಎಂದು ಗುಡುಗಿ, ಆ ಕಡೆ ತಿರುಗಿಕೊಂಡು ಒಂದು ನಗು ನುಂಗಬೇಕು. ಆಮೇಲೆ ಮುನ್ನೂರನೇ ಪುಟದ ಆಸುಪಾಸಿನಲ್ಲಿ ಅವಳ ಕಾಲಿಗೆ ಚುಚ್ಚಿದ ಮುಳ್ಳನ್ನು ಅವನೇ ಕೂತು ತೆಗೆಯಬೇಕು. ಆ ಪುಟಕ್ಕೆ ಬಂದಾಗ ನಾನು ಅಳುತ್ತೇನೆ. ಒಮ್ಮೆ ಊಟ ತಂದ ನನ್ನ ಹೆಂಡತಿ ಶಿವಮ್ಮ ಅದನ್ನು ನೋಡಿಬಿಟ್ಟಳು. "ಮುಖದ ತುಂಬ ಇಟ್ಟು, ಕಣ್ಣಾಗೆ ನೀರು. ಸುಮ್ಕಿರಿ, ಒರಸ್ಕಬ್ಯಾಡಿ, ಇನ್ನೊಂದು ಚೂರು ಅತ್ರೆ ರೊಟ್ಟಿ ತಟ್ಬೋದು" ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಗುವ ವಿಷಯವೇ. ನನ್ನ ತಂಗಿ ಮಂಗಳಳನ್ನು ನೋಡಲು ನರಸೀಪುರದಿಂದ ಗಂಡಿನ ಕಡೆಯವರು ಬಂದರು. ಅಪ್ಪ ಅವ್ವ ಇಲ್ಲದ ಮನೆ, ಯಜಮಾನ ನಾನೇ. ಗಂಡು, ಗೊಬ್ಬರದ ಅಂಗಡಿಯ ಸೋಮಣ್ಣ, ಕಾಫಿ ಗುಟುಕರಿಸಿ, "ಇದೇನು ಕಾಫಿನಾ, ಪಾತ್ರೆ ತೊಳೆದ ನೀರಾ?" ಎಂದ. ಮಂಗಳ ತಲೆ ಎತ್ತದೆ, "ಪಾತ್ರೆ ತೊಳೆದ ನೀರಿನ ರುಚಿ ನಿಮಗೆ ಎಂಗೆ ಗೊತ್ತು?" ಎಂದಳು. ಗಂಡಿನ ಕಡೆಯವರು ಲೋಟ ಕೆಳಗಿಟ್ಟರು. ನನಗೆ ಮಾತ್ರ ಮೈ ಜುಮ್ಮೆಂದಿತು. ಆರತಿ ತಟ್ಟೆ ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಅವರು ಹೋದ ಮೇಲೆ ಮಂಗಳ ಬಂದು, "ಬ್ಯಾಡ ಕಣಣ್ಣ. ಆ ಮನ್ಸ ನಗ್ಲಿಲ್ಲ" ಎಂದಳು.

"ನಕ್ಕ. ನೀನು ತಲೆ ಬಗ್ಗಿಸಿದ್ದೆ. ಆ ಕಡೆ ತಿರುಗಿ ತುಟಿ ಕೊಂಕಿಸಿದ, ನಾನು ನೋಡಿದೆ" ಎಂದೆ. ಅವನು ತುಟಿ ಕೊಂಕಿಸಿದ್ದು ನಿಜ. ಹಲ್ಲಿನ ಸಂದಿಗೆ ಸಿಕ್ಕಿಕೊಂಡಿದ್ದ ಕೋಡುಬಳೆ ಚೂರನ್ನು ನಾಲಗೆಯಿಂದ ಕೀಳುತ್ತಿದ್ದ. ಅದನ್ನೂ ನೋಡಿದ್ದೆ. ಯಾವುದನ್ನು ನಂಬಬೇಕೆಂದು ತೀರ್ಮಾನಿಸಿದವನು ನಾನು.

ಮದುವೆಯಾದ ಮೇಲೆ ಹಬ್ಬಕ್ಕೆ ಬಂದಾಗಲೆಲ್ಲ ಅವಳು ವಾಪಸು ಹೋಗಲು ತಡ ಮಾಡುತ್ತಿದ್ದಳು. ನಾನು ದಳವಾಯಿಯ ಕಥೆ ಹೇಳುತ್ತಿದ್ದೆ, ಶಿವಮ್ಮ ಮಡಿಲಕ್ಕಿ ಹಾಕುತ್ತಿದ್ದಳು. ಅಕ್ಕಿ, ಬೆಲ್ಲ, ಕಾಯಿ ಸೆರಗಿಗೆ ಬಿದ್ದವೆಂದರೆ ತವರಿನ ಕೆಲಸ ಮುಗಿಯಿತು, ಹೆಣ್ಣು ಎದ್ದು ಹೊರಡಬೇಕು. ಸ್ಕೂಟರಿನಲ್ಲಿ ನಾನೇ ಬಿಟ್ಟು ಬರುತ್ತಿದ್ದೆ. ಒಮ್ಮೆ ಹಾಗೆ ಹೋದಾಗ ಸೋಮಣ್ಣ ನನ್ನೆದುರೇ ತಟ್ಟೆ ತಳ್ಳಿ, "ಈ ಸಾರನ್ನ ನಿಮ್ ಮಿಲ್ ಬೆಲ್ಟಿಗೆ ಸವರಿ ಭಾವ, ಚೆನ್ನಾಗಿ ತಿರುಗ್ತದೆ" ಎಂದ. ಮಂಗಳ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಒಂದು ಮಾತಿಲ್ಲ. ಮಾತಿಗೆ ಮಾತು ಕೊಡುತ್ತಿದ್ದ ಹುಡುಗಿ. ಕಾದಂಬರಿಯಲ್ಲೂ ಇನ್ನೂರನೇ ಪುಟದ ಹೊತ್ತಿಗೆ ನಾಯಕಿ ಮಾತು ಕಡಿಮೆ ಮಾಡುತ್ತಾಳೆ, ಅದು ಪ್ರೀತಿ ಮೊಳೆಯುವ ಲಕ್ಷಣ. ದಾರಿಯುದ್ದಕ್ಕೂ ಖುಷಿಯಾಗಿ ಗಾಡಿ ಓಡಿಸಿಕೊಂಡು ಬಂದ ಮೂರ್ಖ ನಾನು.

ಈ ಸಲದ ಗೌರಿ ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಅವಳು ನಡುಮನೆಯಲ್ಲಿ ಕೂತು, "ನಾನು ಓಗಲ್ಲ" ಎಂದಳು. ನಾನು ಮತ್ತೆ ದಳವಾಯಿಯನ್ನು ಕರೆತಂದೆ. ಪಾಳೇಗಾರನ ಮಗಳು ರೇಗಿ ಕುದುರೆ ಹತ್ತಿ ಹೊರಟದ್ದು, ಅವನು ಕಾಡಿನಲ್ಲೆಲ್ಲ ಹುಡುಕಿದ್ದು, ಎಲ್ಲ ಹೇಳಿದೆ.

"ಕುದ್ರೆ ಅವಳದೇನಣ್ಣ?"

"ಅವಳದೇ. ಬಿಳೀದು."

"ಅಂಗಾರೆ ಅವಳು ಜಗಳ ಆಡ್ಬೋದು. ಈಗ ನಮಗೂವೆ ಬಸ್ಸು ಫ್ರೀ. ಕಂಡಕ್ಟರಿಗೆ ತೋರ್ಸೋ ಆಧಾರ್ ಕಾರ್ಡು ಮಾತ್ರ ಅವರ ಬೀರುನಾಗಿರ್ತದೆ. ಅಬ್ಬಕ್ಕೆ ಬರ್ಬೇಕಾರೆ ಕೈಗೆ ಕೊಡ್ತರೆ, ವಾಪಸ್ ಓದ ಕೂಡ್ಲೆ ಈಸ್ಕತರೆ."

ಇಂಥ ಹೊತ್ತಿನಲ್ಲಿ ಗಂಡಸು ಮಾಡುವುದನ್ನೇ ಮಾಡಿದೆ, ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಹಾರ್ನೂ ಹೊಡೆದೆ.

ಒಳಗೆ ಶಿವಮ್ಮ ಮೊರದಲ್ಲಿ ಮಡಿಲಕ್ಕಿ ಹಿಡಿದು ನಿಂತಿದ್ದಳು. "ಸೆರಗು ಒಡ್ಡು" ಎಂದಳು.

"ಒಡ್ಡಲ್ಲ ಅತ್ಗೆ" ಎಂದು ಮಂಗಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶಿವಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ನೇರ ಅಡುಗೆಮನೆಗೆ ಹೋಗಿ ಅಷ್ಟೂ ಅಕ್ಕಿಯನ್ನು ಪಾತ್ರೆಗೆ ಸುರಿದು ತೊಳೆಯತೊಡಗಿದಳು. "ಬೆಳಗಿಂದ ಏನೂ ತಿಂದಿಲ್ಲ ಈ ಮಗಾ, ಅನ್ನ ಮಾಡ್ತೀನಿ. ಆ ಗಾಡಿ ಆಫ್ ಮಾಡ್ರೀ, ಒಗೆ ಒಳಕ್ಕೆ ಬತ್ತದೆ" ಎಂದಳು. ನನ್ನ ಹೆಂಡತಿ ಒಂದು ಕಾದಂಬರಿಯನ್ನೂ ಓದಿದವಳಲ್ಲ.

ಮಂಗಳ ಈಗ ಮಿಲ್ಲಿಗೆ ಬರುತ್ತಾಳೆ. ಕಾರ್ಡು ಅವಳ ಪರ್ಸಿನಲ್ಲಿದೆ. ಗಿರಾಕಿಗಳೊಡನೆ ನಗುತ್ತಾಳೆ, ಚೌಕಾಸಿ ಮಾಡುವವರಿಗೆ ಹಳೆಯ ಹಾಗೆ ತಿರುಗೇಟು ಕೊಡುತ್ತಾಳೆ. ನನ್ನೊಡನೆ ಮಾತ್ರ ಮಾತಿಲ್ಲ. ನಾನು ಎದುರಿಗೇ ನಿಂತಿದ್ದರೂ, "ಅಣ್ಣಂಗೆ ಏಳಿ ಅತ್ಗೆ, ಬೆಲ್ಟು ಸವೆದದೆ" ಎನ್ನುತ್ತಾಳೆ. ಮೊನ್ನೆ ಅವಳಿಗಿಷ್ಟವೆಂದು ರಸಬಾಳೆ ತಂದಿಟ್ಟೆ, ಬಂದ ಗಿರಾಕಿಗಳಿಗೆಲ್ಲ ಹಂಚಿಬಿಟ್ಟಳು.

ಕಾದಂಬರಿ ಮಾತ್ರ ಬಿಟ್ಟಿಲ್ಲ. ಓದುವಾಗ ನಡುನಡುವೆ ತಲೆ ಎತ್ತಿ ಅವಳ ಮುಖ ನೋಡುತ್ತೇನೆ. ಆ ಕಡೆ ತಿರುಗಿಕೊಂಡಾಗ ತುಟಿ ಸ್ವಲ್ಪ ಕೊಂಕಿದಂತೆ ಕಾಣುತ್ತದೆ. ನಗುವೇ ಇರಬೇಕು ಎಂದುಕೊಳ್ಳುತ್ತೇನೆ.