ಭಾವನವರೂ ಐರ್ಲೆಂಡಿನ ಕೌನ್ಸಿಲ್ಲೂ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಮನೆಯವರು ನನ್ನ ಜೊತೆ ಮಾತು ಬಿಡುತ್ತಾರೆ. ಎಷ್ಟಾದರೂ ಅವರ ಒಡಹುಟ್ಟಿದ ಅಣ್ಣ. ಆದರೆ ಗ್ರೀನ್‌ಫರ್ಡಿನ ಮನೆಯಲ್ಲಿ ಕೂತು, ಹಲ್ಲುಜ್ಜುವ ಮೊದಲೇ ಐರ್ಲೆಂಡ್ ಸರ್ಕಾರವನ್ನು ಬೈಯಲು ಶುರುಮಾಡುವ ಧಾರವಾಡದವರು ಇಡೀ ಲಂಡನ್ನಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರ ಮನೆಗೆ ಹೋಗಿ ಒಂದು ವಾರ ನಾನೇ ಚಪಾತಿ ಲಟ್ಟಿಸಿ ಬರುತ್ತೇನೆ! ಬ್ರಿಟನ್ನಿನ ಸರ್ಕಾರ ಬಿದ್ದರೂ ಭಾವನವರಿಗೆ ಗೊತ್ತಾಗುವುದು ಸಂಜೆಗೆ. ಕರ್ನಾಟಕದ ಮುಖ್ಯಮಂತ್ರಿ ಯಾರೆಂದು ಕೇಳಿದರೆ "ಈಗ ಯಾರಿದ್ದಾರವಾ?" ಎಂದು ನನ್ನನ್ನೇ ಕೇಳುತ್ತಾರೆ. ಐರ್ಲೆಂಡಿನ ವಸತಿ ಮಂತ್ರಿ ಕೆಮ್ಮಿದರೆ ಮಾತ್ರ ಇವರಿಗೆ ಇಲ್ಲಿ ಗಂಟಲು ಕೆರೆಯುತ್ತದೆ. ಆ ದೇಶದಲ್ಲಿ ಇವರಿಗೆ ಓಟಿಲ್ಲ, ಸೈಟಿಲ್ಲ, ಹೇಳಿಕೊಳ್ಳಲು ಒಬ್ಬ ದೂರದ ನೆಂಟನೂ ಇಲ್ಲ. ಆದರೂ ಬೈಗುಳಕ್ಕೆ ಕೊರತೆಯಿಲ್ಲ.

ಈ ರೋಗ ಹತ್ತಿದ್ದು ಹೇಗೆ ಎಂದು ಹೇಳಬೇಕಾದರೆ ಡೆಕ್ಲಾನಣ್ಣನ ವಿಷಯ ಹೇಳಬೇಕು. ಡೆಕ್ಲಾನ್ ಐರ್ಲೆಂಡಿನ ಪಶ್ಚಿಮದ ಒಂದು ಹಳ್ಳಿಯವನು. ಮೀಸೆ ಮೂಡುವ ವಯಸ್ಸಿಗೇ ಲಂಡನ್ನಿಗೆ ಬಂದು, ಗಾರೆ ಕಲಸಿ, ಇಟ್ಟಿಗೆ ಹೊತ್ತು, ಕೊನೆಗೆ ಸೈಟ್ ಮೇಸ್ತ್ರಿಯಾದವನು. 'ಅಣ್ಣ' ಎಂದು ಸೇರಿಸಿದವರು ನಮ್ಮ ವಾರಗಿತ್ತಿ, ಎಂದರೆ ಭಾವನವರ ಹೆಂಡತಿ; ನಾನು ಅಕ್ಕ ಎಂದು ಕರೆಯುವುದು ಅವರನ್ನೇ. ಅವರಿಗೆ ಯಾರನ್ನೂ ಬರೀ ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ಭಾವನವರು ಹೊಸದಾಗಿ ಇಲ್ಲಿಗೆ ಬಂದಾಗ ಅವರ ಇಂಜಿನಿಯರಿಂಗ್ ಪದವಿಯನ್ನು ಯಾರೂ ಮೂಸಿ ನೋಡಲಿಲ್ಲವಂತೆ. ಒಂದು ಸೈಟಿನ ಗೇಟಿನಲ್ಲಿ ಡೆಕ್ಲಾನಣ್ಣ ಇವರನ್ನು ಮೇಲಿಂದ ಕೆಳಗೆ ನೋಡಿ, "ಟೇಪ್ ಹಿಡಿಯೋಕೆ ಬರುತ್ತಾ?" ಎಂದು ಕೇಳಿದನಂತೆ. ಬರುತ್ತೆ ಅಂದರು. "ಹಾಗಾದರೆ ಆ ತುದಿ ಹಿಡಿ" ಅಂದ. ಅವತ್ತು ಹಿಡಿದ ತುದಿಯನ್ನು ಇಬ್ಬರೂ ನಿವೃತ್ತರಾಗುವವರೆಗೆ ಬಿಡಲಿಲ್ಲ.

ಸಹವಾಸ ದೋಷ ಅಂತೀವಲ್ಲ, ಅದು ಮೊದಲು ಬಂದದ್ದು ನಾಲಿಗೆಗೆ. ಭಾವನವರು ಇಂಗ್ಲಿಷ್ ಮಾತಾಡಲು ಕಲಿತದ್ದೇ ಡೆಕ್ಲಾನಣ್ಣನ ಬಾಯಿಂದ. ಒಮ್ಮೆ ಮೊಣಕಾಲು ನೋವೆಂದು ಇಲ್ಲಿ ಜಿಪಿ ಎನ್ನುವ ನಮ್ಮ ಬಡಾವಣೆಯ ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ. ಅಲ್ಲಿನ ರಿಸೆಪ್ಷನ್ ಹುಡುಗಿ ಹೆಸರು ಕೂಗಿದಳು. ಭಾವನವರು ಎದ್ದು ಹೋಗಿ ಎದುರಿಗೆ ನಿಂತರು. ಅವಳು ಇವರ ಭುಜದ ಮೇಲಿಂದ ಹಿಂದೆ ಇಣುಕಿ, "ನಮಗೆ ಫೋನ್ ಮಾಡಿದ್ದ ಐರಿಷ್ ಸಾಹೇಬರು ಎಲ್ಲಿ?" ಎಂದು ಕೇಳಿದಳು!

ನಾಲಿಗೆಯ ನಂತರ ರೋಗ ತಲೆಗೆ ಏರಿತು. ಡೆಕ್ಲಾನಣ್ಣ ಪ್ರತಿ ಶನಿವಾರ ಊಟಕ್ಕೆ ಬರುತ್ತಾನೆ. ಅಕ್ಕ ಜೋಳದ ರೊಟ್ಟಿ ತಟ್ಟುತ್ತಾರೆ, ಎಣ್ಣೆಗಾಯಿ ಮಾಡುತ್ತಾರೆ, ಇವರಿಬ್ಬರೂ ಐರ್ಲೆಂಡಿನ ಸುದ್ದಿ ಹಾಕಿಕೊಂಡು ಕೂರುತ್ತಾರೆ. ಹ್ಯಾರೋದ ನಮ್ಮ ಮನೆಯಿಂದ ಶನಿವಾರ ರೊಟ್ಟಿಯ ಆಸೆಗೆ ಹೋಗುವ ನನಗೂ ಆ ದೇಶದ ಕಥೆ ಬಾಯಿಪಾಠ ಆಗಿಬಿಟ್ಟಿದೆ. ಒಂದು ಕಾಲದಲ್ಲಿ ಅಲ್ಲಿನ ಕೌನ್ಸಿಲ್ಲುಗಳು, ನಮ್ಮ ಕಡೆಯ ನಗರಸಭೆ ಪಂಚಾಯಿತಿಗಳಂಥವು, ತಾವೇ ಮನೆ ಕಟ್ಟಿ ಬಡವರಿಗೆ ಕೊಡುತ್ತಿದ್ದವಂತೆ. ಆಮೇಲೆ ಸರ್ಕಾರ ಅದನ್ನು ಕಡಿಮೆ ಮಾಡಿಸಿ, ಬಿಲ್ಡರುಗಳು ಕಟ್ಟಿದ್ದನ್ನು ಕೊಂಡುಕೊಳ್ಳಿ, ಇಲ್ಲವೇ ಬಡವರ ಪರವಾಗಿ ಬಾಡಿಗೆ ಕಟ್ಟಿ ಅಂದಿತಂತೆ. ಒಂದು ವರ್ಷ ಬಿಲ್ಡರುಗಳೆಲ್ಲ ದಿವಾಳಿಯಾಗಿ ಮಕಾಡೆ ಮಲಗಿದರು. ಕೆಲಸ ಗೊತ್ತಿದ್ದವರು ಗಂಟುಮೂಟೆ ಕಟ್ಟಿಕೊಂಡು ಲಂಡನ್ನಿಗೋ ಆಸ್ಟ್ರೇಲಿಯಾಕ್ಕೋ ಹೊರಟರು. ಈಗ ಮನೆಗಳಿಲ್ಲ ಎಂದು ಊರೆಲ್ಲ ಬೊಬ್ಬೆ.

"ಕಟ್ಟೋ ಮಂದೀನ್ನ ಎಲ್ಲಾ ಹೊರಗ ಕಳಿಸ್ಯಾರ, ಈಗ ಕಟ್ಟೋರ ಇಲ್ಲ ಅಂತ ಅಳ್ತಾರ" ಎಂದು ಭಾವನವರು ರೊಟ್ಟಿ ಮುರಿಯುತ್ತಾರೆ. "ಹೊಸಾ ಮಂತ್ರಿ ಬಂದ ಕೂಡ್ಲೇ ಒಂದು ಹೊಸಾ ಪ್ಲಾನು. ಅದಕ್ಕೊಂದು ಹೊಸಾ ಹೆಸರು. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸ್ತಾರ. ಕೂಸ ಎಲ್ಲೆದ ಅಂತ ಕೇಳಿದ್ರ ಕುಲಾವಿ ತೋರಸ್ತಾರ."

ಡೆಕ್ಲಾನಣ್ಣ ಸುಮ್ಮನಿರುವ ಆಸಾಮಿಯಲ್ಲ. ಸರ್ಕಾರದ್ದು ಅಷ್ಟು ತಪ್ಪಿಲ್ಲ, ಕೌನ್ಸಿಲ್ಲಿನವರೇ ಸೋಮಾರಿಗಳು ಎನ್ನುತ್ತಾನೆ. ಭಾವನವರು ಕೌನ್ಸಿಲ್ಲಿನ ಕೈಯಲ್ಲಿ ದುಡ್ಡಿಲ್ಲ ಎನ್ನುತ್ತಾರೆ. ಐರ್ಲೆಂಡಿನವನು ಐರ್ಲೆಂಡಿನ ಸರ್ಕಾರದ ಪರ, ಧಾರವಾಡದವರು ಐರ್ಲೆಂಡಿನ ಕೌನ್ಸಿಲ್ಲಿನ ಪರ. ಮಧ್ಯದಲ್ಲಿ ಬದನೆಕಾಯಿ ತಣ್ಣಗಾಗುತ್ತದೆ. ಬೇರೆ ಯಾರಾದರೂ ಇದನ್ನೆಲ್ಲ ಕೇಳುತ್ತಾರೆಯೇ? ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದ ಮೈಸೂರಿನ ಡಾಕ್ಟರೊಬ್ಬರನ್ನು ಭಾವನವರು ಪ್ರಸಾದದ ಹೊತ್ತಿಗೆ ಮೂಲೆಗೆ ಹಿಡಿದರು. ಬಾಡಿಗೆ, ತೆರಿಗೆ, ಕೌನ್ಸಿಲ್ಲು, ಎಲ್ಲ ಆಯಿತು. ಪಾಪ, ಆ ಮನುಷ್ಯ ಸಜ್ಜಿಗೆಯ ಬಟ್ಟಲು ಹಿಡಿದುಕೊಂಡು ಎಲ್ಲ ಕೇಳಿ, "ತುಂಬ ಸಂತೋಷ ಸಾರ್. ತಾವು ಯಾವ ವಾರ್ಡಿನಿಂದ ನಿಲ್ತಾ ಇದ್ದೀರಿ?" ಅಂದರು.

ಇದೆಲ್ಲ ಬಾಯಿ ಚಪಲದಲ್ಲೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಒಂದು ಶನಿವಾರ ಡೆಕ್ಲಾನಣ್ಣ ಊಟದ ನಡುವೆ, ಊರಿಗೆ ವಾಪಸು ಹೋಗುತ್ತೇನೆ ಎಂದ. ಹಳ್ಳಿಯಲ್ಲಿ ಅಪ್ಪ ಬಿಟ್ಟುಹೋದ ತುಂಡು ನೆಲವಿದೆ, ಅಲ್ಲೊಂದು ಸಣ್ಣ ಮನೆ ಕಟ್ಟಿಕೊಳ್ಳುತ್ತೇನೆ ಎಂದ. ಅವನು ಮದುವೆಯಾದವನಲ್ಲ. ಲಂಡನ್ನಿಗೆ ಬಂದಾಗಿನಿಂದ ಇನ್ನೊಬ್ಬರ ಮನೆಯ ಬಾಡಿಗೆ ಕೋಣೆಯಲ್ಲೇ ಇದ್ದವನು. "ಊರಿಗೆಲ್ಲ ಬಾಗಿಲು ಕೂರಿಸಿಕೊಟ್ಟೆ. ಸಾಯೋ ಮೊದಲು ನನ್ನದೇ ಬಾಗಿಲು ಹಾಕಿಕೊಂಡು ಮಲಗಬೇಕು, ಅಷ್ಟೇ" ಅಂದ. ಭಾವನವರು ತಟ್ಟೆ ಬಿಟ್ಟು ಎದ್ದು, ಕೈ ತೊಳೆಯದೆಯೇ ಪೆನ್ಸಿಲ್ ಹುಡುಕಲು ಹೋದರು.

ನೆಲ ಇದ್ದ ಮಾತ್ರಕ್ಕೆ ಮನೆ ಕಟ್ಟಲು ಬಿಡುತ್ತಾರೆಯೇ? ಆ ಕಡೆಯ ಹಳ್ಳಿಗಳಲ್ಲಿ ಹೊಲದ ನಡುವೆ ಮನೆ ಕಟ್ಟಬೇಕಾದರೆ ನೀವು ಆ ಊರಿನವರೇ ಎಂದು ಕೌನ್ಸಿಲ್ಲಿಗೆ ಸಾಬೀತು ಮಾಡಬೇಕು. ಪಟ್ಟಣದ ಶ್ರೀಮಂತರು ರಜೆಗೆಂದು ಬಂದು ಬಂಗಲೆ ಎಬ್ಬಿಸಬಾರದಲ್ಲ, ಅದಕ್ಕೆ. ನಿಯಮ ಒಳ್ಳೆಯದೇ. ಆದರೆ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟ ಡೆಕ್ಲಾನಣ್ಣ ಊರಿನವನೆಂದು ಹೇಳುವವರು ಯಾರು?

ಇಲ್ಲಿ ನಮ್ಮ ಭಾವನವರ ಧಾರವಾಡದ ಬುದ್ಧಿ ಕೆಲಸ ಮಾಡಿತು. "ಪಂಚನಾಮಿ ಮಾಡಿಸೋಣ" ಅಂದರು. ನಮ್ಮ ಕಡೆ ಯಾವುದೇ ವ್ಯಾಜ್ಯಕ್ಕೂ ಊರಿನ ಐದು ಜನ ಹಿರಿಯರನ್ನು ಕೂರಿಸಿ, ಕಂಡದ್ದನ್ನು ಬರೆಸಿ, ಸಹಿ ಹಾಕಿಸುವುದಿಲ್ಲವೇ? ಹಾಗೆ. ಡೆಕ್ಲಾನಣ್ಣನ ಹಳ್ಳಿಯವರೇ ಆದ ಐದು ಮುದುಕರನ್ನು ಹುಡುಕಿ ಗ್ರೀನ್‌ಫರ್ಡಿಗೆ ಕರೆಸಿದರು. ಅಕ್ಕ ಐವರಿಗೂ ಎಣ್ಣೆಗಾಯಿ ಬಡಿಸಿದರು. ಖಾರಕ್ಕೆ ಒಬ್ಬರ ಕಣ್ಣಲ್ಲಿ ನೀರು, ಇನ್ನೊಬ್ಬರು ಹಾಲು ಕೇಳಿ ಕುಡಿದರು. 'ಕೆಳಗೆ ಸಹಿ ಮಾಡಿದ ಪಂಚರಾದ ನಾವು' ಎನ್ನುವ ಧಾಟಿಯಲ್ಲಿ ಭಾವನವರು ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಐವರೂ ಸಹಿ ಹಾಕಿದರು. ಅರ್ಜಿಯ ಜೊತೆ ಅದೂ ಹೋಯಿತು.

ಕೌನ್ಸಿಲ್ಲಿನವರು ಅರ್ಜಿ ತಿರಸ್ಕರಿಸಿದರು. ಸಾಕ್ಷಿ ಹೇಳಿದ ಐವರಲ್ಲಿ ಒಬ್ಬರೂ ಆ ಹಳ್ಳಿಯಲ್ಲಿ ವಾಸವಾಗಿಲ್ಲ, ಐವರ ವಿಳಾಸವೂ ಲಂಡನ್ನಿನದು ಎಂದರು!

ಭಾವನವರು ಕೆಂಡವಾದರು. "ಕೆಲಸ ಇಲ್ಲಂತ ಊರು ಬಿಡಿಸಿದವರ ಇವರು. ಈಗ ಊರಾಗ ಯಾಕಿಲ್ಲ ಅಂತ ಕೇಳ್ತಾರ. ಹೋದವರೆಲ್ಲಾ ಇಲ್ಲೇ ಅದಾರ. ಅಲ್ಲಿ ಸಾಕ್ಷಿ ಹೇಳ್ಲಿಕ್ಕೆ ದನಾ ಬರ್ಬೇಕೇನು?" ಅದುವರೆಗೂ ಕೌನ್ಸಿಲ್ಲಿನ ಪರ ಇದ್ದವರು ಆ ಕ್ಷಣವೇ ಪಕ್ಷಾಂತರ ಮಾಡಿದರು. ಡೆಕ್ಲಾನಣ್ಣ ತನ್ನ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಭಾವನವರಿಗೆ ಸೋತು ಗೊತ್ತಿಲ್ಲ. ಎರಡನೇ ಅರ್ಜಿಗೆ ತಯಾರಿ ನಡೆಯಿತು. ಆ ಹಳ್ಳಿಗಳಲ್ಲಿ ಒಳಚರಂಡಿ ಇಲ್ಲವಾದ್ದರಿಂದ ಮನೆಗೊಂದು ಸೆಪ್ಟಿಕ್ ಟ್ಯಾಂಕು ಬೇಕು. ನೆಲ ನೀರು ಕುಡಿಯುತ್ತದೋ ಇಲ್ಲವೋ ಎಂದು ಗುಂಡಿ ತೋಡಿ, ನೀರು ಸುರಿದು ಪರೀಕ್ಷೆ ಮಾಡಬೇಕು. ಅದನ್ನು ಮಾಡಲು ಅಲ್ಲಿಯೇ ಅಧಿಕೃತ ಪರೀಕ್ಷಕರಿದ್ದಾರೆ. ಆದರೂ ಭಾವನವರು, ಒಂದು ಸಲ ಕೈಯಾರೆ ಮಾಡಿ ನೋಡದೆ ಪರೀಕ್ಷಕರನ್ನು ನಂಬುವುದು ಹೇಗೆ ಎಂದು ತಮ್ಮ ಹಿತ್ತಲಲ್ಲೇ ಗುಂಡಿ ತೋಡಿದರು. ಅದೂ ಎಲ್ಲಿ? ಅಕ್ಕನ ಮೆಂತ್ಯದ ಮಡಿಯ ಪಕ್ಕದಲ್ಲಿ! ಲಂಡನ್ನಿನ ಜೇಡಿಮಣ್ಣು ನೀರು ಕುಡಿಯುವ ಪೈಕಿಯೇ? ಸುರಿದ ನೀರು ಸುರಿದಂತೆಯೇ ನಿಂತಿತು. ಮೇಲೆ ಮಳೆಯೂ ಬಂತು. ಮೆಂತ್ಯ ಮುಳುಗಿತು. ಎಲ್ಲಿಂದಲೋ ಒಂದು ಬಾತುಕೋಳಿ ಬಂದು ಇಳಿದು ಹಾಯಾಗಿ ತೇಲತೊಡಗಿತು.

ಅಕ್ಕ ಅಡುಗೆಮನೆ ಕಿಟಕಿಯಿಂದ ನೋಡಿ ತಣ್ಣಗೆ ಹೇಳಿದರು. "ರೀ, ಬರ್ರಿ ಇಲ್ಲೆ. ಮನಿ ಕಟ್ಟಲಿಕ್ಕೆ ಪರ್ಮಿಶನ್ ಬೇಕಂತ ಯಾರೋ ಬಂದಾರ ನೋಡ್ರಿ."

ಅಂತೂ ದಾರಿ ತೋರಿಸಿದ್ದೂ ಅಕ್ಕನೇ. ರೊಟ್ಟಿ ತಟ್ಟುತ್ತಾ, "ಅಲ್ರೀ, ಅವರ ಚರ್ಚಿನಾಗ ಕೂಸಿಗೆ ಹೆಸರಿಟ್ಟದ್ದು ಬರದಿರ್ತಾರಲ್ಲ. ಅಣ್ಣಾರು ಕಲತ ಸಾಲಿ ಇರ್ತದ. ಅವನ್ನ ಕೇಳೋದು ಬಿಟ್ಟು ಮುದುಕರಿಗೆ ಯಾಕ ನನ್ನ ಪಲ್ಯಾ ತಿನಿಸಿದ್ರಿ?" ಅಂದರು. ಭಾವನವರು ಅದು ತಮಗೆ ಮೊದಲೇ ಹೊಳೆದಿತ್ತು ಎಂದರು. ನಾವ್ಯಾರೂ ನಂಬಲಿಲ್ಲ. ಊರಿನ ಪಾದ್ರಿ ಬರೆದುಕೊಟ್ಟರು, ಶಾಲೆಯವರೂ ಕೊಟ್ಟರು, ಪಕ್ಕದ ಹೊಲದ ಮುದುಕಿ ಅವನ ಅಪ್ಪ ಕರೆದು ಕೊಡುತ್ತಿದ್ದ ಹಾಲು ಕುಡಿದು ಬೆಳೆದವಳು ನಾನು ಎಂದು ತಾನಾಗಿಯೇ ಸಾಕ್ಷಿ ಹೇಳಿದಳು. ನೆಲದ ಪರೀಕ್ಷೆಯನ್ನು ಅಲ್ಲಿನ ಪರೀಕ್ಷಕರೇ ಮಾಡಿಕೊಟ್ಟರು. ಅರ್ಜಿ ಮತ್ತೆ ಹೋಯಿತು. ಅಲ್ಲಿಂದ ಮುಂದೆ ಭಾವನವರು ದಿನಾ ಬೆಳಿಗ್ಗೆ ಕೌನ್ಸಿಲ್ಲಿನವರ ಏಳು ತಲೆಮಾರನ್ನು ನೆನೆಯುತ್ತಿದ್ದರು. ಆಮೆಗಳು, ಬಸವನಹುಳುಗಳು, ಒಂದು ಕಾಗದ ಓದಲಿಕ್ಕೆ ಇವರಿಗೆ ಎಷ್ಟು ದಿನ ಬೇಕು ಎಂದು ಸೌತ್‌ಹಾಲ್‌ನಲ್ಲಿ ತರಕಾರಿ ಆರಿಸುವಾಗಲೂ ಬೈದರು. ಬೆಂಡೆಕಾಯಿ ಮಾರುವವನು ತನಗೇ ಅಂದುಕೊಂಡು ಬೇಗ ಬೇಗ ತೂಗಿಕೊಟ್ಟ.

ಹೀಗಿರುವಾಗ ಒಂದು ಶನಿವಾರ, ಊಟಕ್ಕೆ ಕೂತಿದ್ದೆವು. ಡೆಕ್ಲಾನಣ್ಣನ ಫೋನ್ ಬಡಿದುಕೊಂಡಿತು. ಊರಿನಲ್ಲಿ ಅವನ ಅರ್ಜಿ ನೋಡಿಕೊಳ್ಳುತ್ತಿದ್ದವನ ಕರೆ. ಡೆಕ್ಲಾನಣ್ಣ ಕೇಳಿದ, ಹೂಂ ಅಂದ, ಫೋನನ್ನು ತಟ್ಟೆಯ ಪಕ್ಕ ಮೆಲ್ಲಗೆ ಇಟ್ಟ.

"ಕೊಟ್ಟರಂತೆ" ಅಂದ.

ಅಕ್ಕ ಕೈಮುಗಿದರು. ನಾನು ಭಾವನವರ ಮುಖ ನೋಡಿದೆ. ಈಗ ಎದ್ದು ಕುಣಿಯುತ್ತಾರೆ, ಇಲ್ಲವೇ ನನ್ನಿಂದಲೇ ಆಯಿತು ಎಂದು ಒಂದು ಭಾಷಣ ಬಿಗಿಯುತ್ತಾರೆ ಎಂದುಕೊಂಡಿದ್ದೆ.

"ಇಷ್ಟು ಲಗೂ ಕೊಟ್ರ?" ಅಂದರು ಭಾವನವರು.

ಆಮೆಗಳೆಂದು ಬೈದವರ ಬಾಯಲ್ಲಿ 'ಇಷ್ಟು ಬೇಗ' ಎಂದು ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಡೆಕ್ಲಾನಣ್ಣನಿಗೆ ಅಕ್ಕ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕ, ಮೇಜು ಗುದ್ದಿ ನಕ್ಕ. ಭಾವನವರೊಬ್ಬರು ನಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ, ಎದ್ದು, ಹಿತ್ತಲ ಬಾಗಿಲು ತೆರೆದುಕೊಂಡು ಹೊರಗೆ ಹೋದರು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಬೇಲಿಯ ಹತ್ತಿರ ನಿಂತಿದ್ದರು.

"ಏನಾಯ್ತು ಭಾವ? ಗೆದ್ದಿರಲ್ಲ" ಅಂದೆ.

"ಗೆದ್ದೆ" ಅಂದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು. "ಅಲ್ಲಿ ಒಂದು ಕಾನೂನು ಅದವಾ. ಅರ್ಜಿ ಹಾಕಿದ ಮ್ಯಾಲೆ ಐದು ವಾರ ಟೈಮು. ಯಾರು ಬೇಕಾದ್ರೂ ತಕರಾರು ಹಾಕಬಹುದು. ಆ ಊರಾಂವನ ಆಗಬೇಕಂತಿಲ್ಲ. ಇಲ್ಲಿ ಕೂತ ನಾನೂ ಹಾಕಬಹುದಿತ್ತು."

"ಹಾಕಬೇಕು ಅನ್ನಿಸ್ತಾ?" ಎಂದು ಕೇಳಿಬಿಟ್ಟೆ.

"ದಿನಾ ಅನಸ್ತಿತ್ತು" ಅಂದರು. "ಆದ್ರ ಅವನ ಮನಿ ಅದು. ಹೋಗಬೇಕವ್ವಾ ಅಂವಾ. ಇಲ್ಲೆ ಇಡೀ ಜೀವಮಾನ ಒಂದು ಖೋಲ್ಯಾಗ ಕಳದಾನ. ಹೋಗಲಿ. ನಂದೇನದ, ಶನಿವಾರ ಬಂದ್ರ ಯಾರ ಜೋಡಿ ಜಗಳಾಡ್ಲಿ ಅಂತ, ಅಷ್ಟ."

ಇನ್ನೂ ಏನೋ ಹೇಳಲು ಹೋಗಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಬಾಯಿಯ ಜೋರಿನಲ್ಲೇ ಬದುಕಿದ ಮನುಷ್ಯ ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಅಳು ಬಂತು. ಅವರನ್ನು ಇಷ್ಟು ವರ್ಷ ನಕ್ಕು ನಕ್ಕು ಆಡಿಕೊಂಡವಳು ನಾನೇ, ಅವರ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಒಳಗಿನಿಂದ ಡೆಕ್ಲಾನಣ್ಣ, ರೊಟ್ಟಿ ಆರುತ್ತಿದೆ ಬಾರಯ್ಯ ಎಂದು ಇವರನ್ನು ಕೂಗುತ್ತಿದ್ದ.

ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನವರ ಮೈ ಮುಟ್ಟುವುದಿಲ್ಲ. ನಮಸ್ಕಾರ ಮಾಡುವಾಗಲೂ ದೂರದಿಂದಲೇ. ಅವತ್ತು ನಾನು ಅವರ ಕೈ ಹಿಡಿದುಕೊಂಡು ನಿಂತೆ. ಅವರು ಬಿಡಿಸಿಕೊಳ್ಳಲಿಲ್ಲ.