ಕುರಿಗಳು ಮನೆ ಎಳೆಯುವುದಿಲ್ಲ

ಭಾನುವಾರ ಬೆಳಗಿನ ಕಾಫಿ ಮುಗಿಸಿ, ಲೋಟವನ್ನು ಮೇಜಿನ ಮೇಲೆ ಕುಕ್ಕಿ, ನೇರಿಯೊ ಘೋರ ಪ್ರತಿಜ್ಞೆ ಮಾಡಿಬಿಟ್ಟ.

"ಇವತ್ತಿಂದ ಈ ದ್ವೀಪದಲ್ಲಿ ನಂಗೆ ಗೇಟು ಹಾಕು ಅಂತ ಹೇಳೋರು ಯಾರೂ ಇರಬಾರದು. ಮನೆ ನಂದು, ಬಾಗಿಲು ನಂದು, ಗೇಟು ನಂದು!"

"ಮೊದ್ಲು ಆ ಪೆಟ್ಟಿಗೆಗೆ ಹಗ್ಗ ಕಟ್ಟು," ಎಂದಳು ಹೆಂಡತಿ ಯೊಲೈದಾ.

ವೆನೆಜುವೆಲಾದ ಮರಕೈಬೊ ಎಂಬ ಕಾದ ಹೆಂಚಿನಂಥ ಊರಿನಿಂದ ಬದುಕು ಅರಸಿಕೊಂಡು ಈ ದಂಪತಿ ಚಿಲಿ ದೇಶದ ಚಿಲೊಯೆ ದ್ವೀಪಕ್ಕೆ ಬಂದು ವರ್ಷಗಳೇ ಆಗಿದ್ದವು. ನೇರಿಯೊ ಮೀನಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್, ಯೊಲೈದಾ ಬೇಕರಿಯಲ್ಲಿ. ವಾಸ ಎದೆಲ್ಮೀರಾ ಅಜ್ಜಿಯ ಹಿತ್ತಲಿನ ಎರಡು ಬಾಡಿಗೆ ಕೋಣೆಗಳಲ್ಲಿ. ಅಜ್ಜಿ ಒಳ್ಳೆಯವಳು. ಬಾಡಿಗೆ ತಡವಾದರೆ ಕೇಳುತ್ತಿರಲಿಲ್ಲ, ಜ್ವರ ಬಂದರೆ ಬಿಸಿ ಸೂಪು ತಂದಿಡುತ್ತಿದ್ದಳು. ಅವಳದು ಒಂದೇ ವರಾತ: "ಗೇಟು ಹಾಕಪ್ಪಾ, ಕುರಿ ಹೋಗ್ತವೆ." ಮರಕೈಬೊದ ಸೆಕೆಯಲ್ಲಿ ಯಾರೂ ಯಾವ ಬಾಗಿಲನ್ನೂ ಹಾಕುವುದಿಲ್ಲ, ಇದು ತನ್ನ ರಕ್ತದಲ್ಲೇ ಇಲ್ಲ ಎಂದು ನೇರಿಯೊ ವಾದಿಸುತ್ತಿದ್ದ. ಅವನು ವಾದಿಸುವಷ್ಟರಲ್ಲಿ ಕುರಿಗಳು ರಸ್ತೆ ಸೇರುತ್ತಿದ್ದವು, ಅಜ್ಜಿ ಅವುಗಳ ಹಿಂದೆ ಓಡುತ್ತಿದ್ದಳು.

ಈಗ ಅವನು ಮನೆ ಕೊಂಡಿದ್ದ. ಗುಡ್ಡದಾಚೆ ಮುದುಕ ಎಲಾದಿಯೊನದು. ಹಳದಿ ಬಣ್ಣದ ಮರದ ಮನೆ, ಮೂರು ಕೋಣೆ, ಅಡುಗೆಮನೆ ಕಿಟಕಿ ತೆಗೆದರೆ ಕಣ್ತುಂಬ ಕಡಲು. ಬೆಲೆ ಮಾತ್ರ ಊರಲ್ಲಿ ಇರುವುದರ ಅರ್ಧ. ಅದನ್ನು ಕೇಳಿದಾಗ ನೇರಿಯೊಗೆ ನಗು ತಡೆಯುವುದೇ ಕಷ್ಟವಾಗಿತ್ತು. ಪಾಪ, ಹಳ್ಳಿ ಮುದುಕ, ಹೊರಗಿನ ದರ ಗೊತ್ತಿಲ್ಲ! ಅರ್ಧ ಬೆಲೆಗೂ ಚೌಕಾಶಿ ಮಾಡಿ, ಸೌದೆ ಒಲೆಯನ್ನೂ ಪುಕ್ಕಟೆ ಹಾಕಿಸಿಕೊಂಡ.

"ಎಷ್ಟು ಜೊತೆ ಎತ್ತಿಗೆ ಹೇಳ್ತೀರಿ?" ಎಂದು ಎಲಾದಿಯೊ ಕೇಳಿದ್ದ.

ಗೃಹಪ್ರವೇಶದ ಊಟದ ಮಾತಿರಬೇಕು ಎಂದುಕೊಂಡ ನೇರಿಯೊ. "ಎತ್ತು ಯಾಕೆ ಯಜಮಾನ್ರೇ? ಬರೋರು ನಾಲ್ಕು ಜನ. ಎರಡು ಕುರಿ ಸಾಕು."

ಎಲಾದಿಯೊ ಬಹಳ ಹೊತ್ತು ಯೋಚಿಸಿ, "ಕುರಿ ಎಳೆಯೋದಿಲ್ಲ," ಎಂದ.

ದ್ವೀಪದವರ ತಮಾಷೆ ಹೀಗೇ ಇರುತ್ತದೆ ಎಂದು ನೇರಿಯೊ ಗಟ್ಟಿಯಾಗಿ ನಕ್ಕು ಅವನ ಬೆನ್ನು ತಟ್ಟಿ ಬಂದಿದ್ದ.

"ಎಲ್ಲಾ ಸರಿಯಾಗಿ ವಿಚಾರಿಸಿದ್ದೀಯಾ?" ಎಂದು ಯೊಲೈದಾ ಕೇಳದೆ ಇರಲಿಲ್ಲ. ಅವಳ ಬೇಕರಿ ಸಂಬಳದ ಉಳಿತಾಯವೆಲ್ಲ ಅದರಲ್ಲಿತ್ತು.

"ಛಾವಣಿ, ನೆಲ, ಒಲೆ, ನೀರು, ಕರೆಂಟು. ಇನ್ನೇನು ವಿಚಾರಿಸ್ಲಿ, ಮನೆಯ ಜಾತಕಾನಾ?"

ಸರಿ, ಆ ಭಾನುವಾರ ಅಜ್ಜಿಯ ಹಿತ್ತಲಿನಿಂದ ಮಹಾನಿರ್ಗಮನ ನಡೆಯಿತು. ಗೇಟಿನ ಬಳಿ ನೇರಿಯೊ ಒಂದು ಭಾಷಣವನ್ನೇ ಬಿಗಿದ. "ಅಜ್ಜೀ, ಇಷ್ಟು ವರ್ಷ ನಿಮ್ಮ ಗೇಟಿನ ಸೇವೆ ಮಾಡಿದ್ದಾಯ್ತು. ಇನ್ನು ಕಾವಲಿಗೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ." ಇಷ್ಟು ಹೇಳಿ, ಬೇಕೆಂದೇ, ಗೇಟನ್ನು ಹಾರುಹೊಡೆದು ಬಿಟ್ಟು ನಡೆದ. ಯೊಲೈದಾ ನೆಲ ನೋಡುತ್ತ ಹಿಂದೆ ಹೋದಳು. ಅಜ್ಜಿ ಕುರಿಗಳ ಹಿಂದೆ ಓಡಿದಳು.

ಗುಡ್ಡ ಇಳಿದು ನೋಡಿದರೆ ಮನೆ ಅಲ್ಲೇ ಇತ್ತು, ಆದರೆ ನೆಲದ ಮೇಲಿರಲಿಲ್ಲ. ಅಡಿಪಾಯದ ಕಂಬಗಳನ್ನು ಕಿತ್ತು, ಎರಡು ಉದ್ದನೆ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಕಿಟಕಿಗಳನ್ನೆಲ್ಲ ಬಿಚ್ಚಿ ಜೋಪಾನವಾಗಿ ಕಂಬಳಿಯಲ್ಲಿ ಸುತ್ತಿಟ್ಟಿದ್ದರು. ಎಲಾದಿಯೊ ಬೆವರೊರೆಸಿಕೊಳ್ಳುತ್ತ ಎದುರು ಬಂದ.

"ನಾನು ಆಗೋಷ್ಟು ಮಾಡಿದ್ದೀನಿ. ಎಲ್ಲಿಗೆ?"

"ಏನು ಎಲ್ಲಿಗೆ?"

"ಮನೆ."

"ಮನೆ ಇಲ್ಲೇ ಇದೆಯಲ್ಲ ಯಜಮಾನ್ರೇ."

"ಮನೆ ನಿಮ್ದು. ಜಾಗ ನನ್ನ ಮಗಳದ್ದು. ಮುಂದಿನ ವಾರ ಅವಳು ಇಲ್ಲಿ ಬೆಳ್ಳುಳ್ಳಿ ಹಾಕ್ತಾಳೆ."

ಈ ದ್ವೀಪದಲ್ಲಿ ಮನೆ ಬೇರೆ, ನೆಲ ಬೇರೆ. ಮನೆ ಕೊಂಡವನು ಊರವರನ್ನು ಕರೆದು, ಎತ್ತು ಕಟ್ಟಿ, ಮನೆಯನ್ನು ತನ್ನ ಜಾಗಕ್ಕೆ ಎಳೆದುಕೊಂಡು ಹೋಗುತ್ತಾನೆ. ನೇರಿಯೊ ಇದನ್ನು ಕೇಳಿದ್ದ. ಪ್ರವಾಸಿಗರಿಗೆ ಹೇಳುವ ಕಟ್ಟುಕಥೆ ಎಂದುಕೊಂಡಿದ್ದ.

"ಅರ್ಧ ಬೆಲೆ ಯಾಕೆ ಅಂತ ನಿಮಗೆ ಅನ್ನಿಸ್ಲಿಲ್ವಾ?" ಎಲಾದಿಯೊ ನಿಜವಾದ ಕಳಕಳಿಯಿಂದ ಕೇಳಿದ.

ನೇರಿಯೊ ಏನೆಂದು ಹೇಳುವುದು? ನಿಮ್ಮನ್ನು ಪೆದ್ದ ಅಂದುಕೊಂಡಿದ್ದೆ ಎಂದೇ? ಯೊಲೈದಾ ಗಂಡನ ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ನೀನು ಇವರಿಗೆ ಟೋಪಿ ಹಾಕ್ದೆ ಅಂದ್ಕೊಂಡಿದ್ಯಾ?"

ನೇರಿಯೊ ದಿಮ್ಮಿಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಅವನ ಕಿವಿಗಳು ಕೆಂಪಾಗಿದ್ದವು.

ಕಿಟಕಿಯಿಲ್ಲದ, ನೆಲವಿಲ್ಲದ ಆ ಸ್ವಂತ ಮನೆಯಲ್ಲಿ ಅವರು ಕೋಟು ಹಾಕಿಕೊಂಡೇ ಮಲಗಿದರು. ಕಣ್ತುಂಬ ಕಡಲು ಕಾಣುತ್ತಿತ್ತು, ಕಡಲಿನ ಗಾಳಿಯೂ ಒಳಗೇ ಇತ್ತು. ಬೆಳಗ್ಗೆ ಯೊಲೈದಾ ಗುಡ್ಡ ಹತ್ತಿ ಹೋದಳು. ಮಧ್ಯಾಹ್ನಕ್ಕೆ ಬಂದಳು.

"ಅಜ್ಜಿ ಹೂಂ ಅಂದ್ರು. ಆಲೂಗಡ್ಡೆ ಹೊಲದ ಮೂಲೇಲಿ ಇಟ್ಕೊಳ್ಳಿ, ಜಾಗದ ದುಡ್ಡು ನಿಧಾನಕ್ಕೆ ಕೊಡಿ ಅಂದ್ರು."

"ಯಾವ ಅಜ್ಜಿ?"

"ನಿಂಗೆ ಎಷ್ಟು ಅಜ್ಜಿ ಇದ್ದಾರೆ ಇಲ್ಲಿ?"

"ನನ್ನ ವಿಷಯ ಏನಂದ್ರು?"

"ಏನೂ ಅನ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಅಷ್ಟಕ್ಕೇ ಮುಗಿಯಲಿಲ್ಲ. ಎತ್ತು ಬೇಕಾದವನು ಖುದ್ದಾಗಿ ಮನೆಮನೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ಕೇಳಿಕೊಳ್ಳಬೇಕು. ಅದು ಅಲ್ಲಿಯ ರೂಢಿ. ದುಡ್ಡು ಯಾರೂ ಮುಟ್ಟುವುದಿಲ್ಲ, ಊಟ ಹಾಕಿದರೆ ಸಾಕು. ಆದರೆ ಎಲ್ಲರೂ ಪ್ರಶ್ನೆ ಕೇಳುತ್ತಾರೆ.

"ಮನೆ ಎಲ್ಲಿಗಪ್ಪಾ?"

"ಎದೆಲ್ಮೀರಾ ಅಜ್ಜಿ ಹೊಲಕ್ಕೆ."

"ಅಲ್ಲೇ ಇದ್ದೆಯಲ್ಲ ನೀನು? ಬಿಟ್ಟಿದ್ದು ಯಾಕೆ ಮತ್ತೆ?"

ಪ್ರತಿ ಮನೆಯಲ್ಲೂ ನೇರಿಯೊ ಟೋಪಿಯನ್ನು ಇನ್ನಷ್ಟು ಹಿಂಡಿದ. ಕೊನೆಯ ಮನೆ ತಲುಪುವ ಹೊತ್ತಿಗೆ ಅದು ಒಲೆ ಒರೆಸುವ ಬಟ್ಟೆಯ ಹಾಗಾಗಿತ್ತು.

ಶನಿವಾರ ಊರಿಗೆ ಊರೇ ಬಂತು. ಎತ್ತುಗಳು, ಹಗ್ಗ, ಕೂಗಾಟ. ಹೋ ಎನ್ನುತ್ತಿದ್ದಂತೆ ಮನೆ ಕಿರ್ರೆಂದು ಗುಡ್ಡ ಹತ್ತತೊಡಗಿತು. ಎಲಾದಿಯೊ ಹಗ್ಗ ಹಿಡಿದು ಎಲ್ಲರಿಗಿಂತ ಮುಂದಿದ್ದ. ಸರಿಯಾಗಿ ಅದೇ ಹೊತ್ತಿಗೆ ಮರಕೈಬೊದಿಂದ ಯೊಲೈದಾಳ ತಾಯಿಯ ವಿಡಿಯೊ ಕರೆ.

"ಅಳಿಯಂದ್ರೇ, ಮನೆ ಮನೆ ಅಂತ ಹೇಳಿದ್ದೇ ಹೇಳಿದ್ದು. ಒಂದ್ಸಲ ತೋರ್ಸಿ, ಕಣ್ತುಂಬ ನೋಡ್ತೀನಿ."

ನೇರಿಯೊ ಫೋನು ತಿರುಗಿಸಿದ. ಹಳದಿ ಮನೆ ಪರದೆಯ ಬಲಗಡೆಯಿಂದ ಬಂದು, ಗಂಭೀರವಾಗಿ ಎಡಗಡೆಗೆ ಸಾಗಿ, ಮಾಯವಾಯಿತು.

"ಅದ್ಯಾಕೆ ಹೋಗ್ತಾ ಇದೆ?"

"ಇಲ್ಲಿ ಗಾಳಿ ಜಾಸ್ತಿ ಅತ್ತೆ," ಎಂದು ಹೇಳಿ ಅವನು ಫೋನು ಆರಿಸಿ ಜೇಬಿಗೆ ತುರುಕಿದ.

ಅಜ್ಜಿಯ ಹೊಲದ ಗೇಟಿನಲ್ಲಿ ಮನೆ ತೂರುವುದುಂಟೇ? ರಸ್ತೆಯ ಕಡೆಯ ಬೇಲಿಯನ್ನು ಈ ತುದಿಯಿಂದ ಆ ತುದಿಗೆ ಕಿತ್ತು ಹಾಕಿದರು. ಮನೆ ಒಳಗೆ ಬಂದು ಮೂಲೆಯಲ್ಲಿ ಕೂತಿತು. ಅಡುಗೆಮನೆ ಕಿಟಕಿ ಈಗ ನೇರವಾಗಿ ಕುರಿದೊಡ್ಡಿಗೆ ಮುಖ ಮಾಡಿತ್ತು.

ಸಂಜೆ ಎಲ್ಲರಿಗೂ ಊಟ. ಅಜ್ಜಿ ಯೊಲೈದಾಳ ಜೊತೆ ನಿಂತು ದೊಡ್ಡ ಹಂಡೆಯಲ್ಲಿ ಮಾಂಸದ ಸೂಪು ಕುದಿಸಿದ್ದಳು. ಈಗ ಅನ್ನುತ್ತಾಳೆ, ಈಗ ಚುಚ್ಚುತ್ತಾಳೆ ಎಂದು ನೇರಿಯೊ ಕಾದ. ಅಜ್ಜಿ ಅವನ ತಟ್ಟೆಗೆ ಎಲ್ಲರಿಗಿಂತ ದೊಡ್ಡ ಆಲೂಗಡ್ಡೆ ಹಾಕಿದಳು.

"ತಿನ್ನಪ್ಪಾ, ಎಳೆದು ಸುಸ್ತಾಗಿರ್ತೀಯ."

ಅವನಿಗೆ ಅವಮಾನ, ಶುದ್ಧ ಅವಮಾನ! ತಟ್ಟೆ ಕೆಳಗಿಟ್ಟು ಎದ್ದು, ಕೆಸರಿನಲ್ಲಿ ನಡೆದು ರಸ್ತೆಯ ಕಡೆಗೆ ಹೋದ. ಬೇಲಿ ಎಲ್ಲಿಯೂ ಇರಲಿಲ್ಲ. ನಡುವೆ ಗೇಟೊಂದೇ ತನ್ನೆರಡು ಕಂಬಗಳೊಂದಿಗೆ ತೆರೆದುಕೊಂಡು ನಿಂತಿತ್ತು. ನೇರಿಯೊ ಅದನ್ನು ಎರಡೂ ಕೈಯಿಂದ ನಿಧಾನವಾಗಿ ತಳ್ಳಿ ಹಾಕಿದ. ಅದರ ಪಕ್ಕದಲ್ಲೇ ರಸ್ತೆ ದಾಟುತ್ತಿದ್ದ ಕುರಿಗಳು ನಿಂತು ಅವನನ್ನು ನೋಡಿದವು.

ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ಚಿಲಕಾನೂ ಹಾಕಪ್ಪಾ."