ಹಾಲಿಸ್ ಯಾರ ಕಡೆಯವನು?

ಆಸ್ಪತ್ರೆಯಿಂದ ಮಗು ಮನೆಗೆ ಬಂದಂದಿನಿಂದ ಡ್ವೈಟ್‌ಗೆ ನಿದ್ದೆಯಿಲ್ಲ. ಹಿಂಡಿ ಒಣಹಾಕಲು ಮರೆತ ಬಟ್ಟೆಯಂತಾಗಿದ್ದ. ಹೆಸರುಗಳ ಪುಸ್ತಕ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ‘ಹಾಲಿಸ್’. “ಚೆನ್ನಾಗಿದೆ,” ಎನ್ನುತ್ತಲೇ ಹೆಂಡತಿ ಕ್ಯಾಸಿ ಕೂತಲ್ಲೇ ನಿದ್ದೆಹೋದಳು.

ಬೆಳಗ್ಗೆ ಪಕ್ಕದ ಮನೆಯ ಮಿಸ್ ವರ್ಲೀನ್ ಬಾಣಂತಿಗೆಂದು ಕೋಳಿಸಾರಿನಲ್ಲಿ ಬೇಯಿಸಿದ ಹಿಟ್ಟಿನ ಕಡುಬು ತಂದಳು.

“ಹಾಲಿಸ್ಸಾ? ಅದು ಯಾರ ಕಡೆ ಮನೆತನದ ಹೆಸರು, ಕಂದ?”

“ಯಾರ ಕಡೇದೂ ಅಲ್ಲ, ಮಿಸ್ ವರ್ಲೀನ್. ಪುಸ್ತಕದಲ್ಲಿತ್ತು. ಹಾಲಿ ಅನ್ನೋ ಮುಳ್ಳೆಲೆ ಗಿಡಗಳ ಹತ್ರ ಇರೋರು ಅಂತ ಅರ್ಥವಂತೆ,” ಎಂದ ಡ್ವೈಟ್.

“ನಿಮ್ಮನೆ ಹತ್ರ ಗಿಡ ಎಲ್ಲಿದೆ? ಇದ್ದ ಒಂದು ಗುಲಾಬೀನೂ ಒಣಗಿಸಿಟ್ಟಿದೀಯ.”

ಜಾರ್ಜಿಯಾದ ಆ ಮೂಲೆಯಲ್ಲಿ ಮಗುವಿಗೆ ಮನೆತನದ ಹೆಸರಿಟ್ಟರೆ ಅದು ತಾಯಿಯ ತವರಿನದಾಗಿರಬೇಕು, ಇಲ್ಲವೇ ಯಾರದೋ ಮೇಲಿನ ಅಭಿಮಾನಕ್ಕೆ ಇಟ್ಟದ್ದಾಗಿರಬೇಕು. ಕ್ಯಾಸಿಯ ತವರು ಲ್ಯಾಂಗ್ಲಿ. ಊರಿನಲ್ಲಿ ಹಾಲಿಸ್ ಎಂಬ ಹೆಸರಿನವನು ಒಬ್ಬನೇ: ಕಂಡಲ್ಲಿ ನಿಲ್ಲಿಸಿದ ಕಾರುಗಳನ್ನು ಲಾರಿಗೆ ಕಟ್ಟಿ ಎಳೆದೊಯ್ಯುವ ಮುದುಕ ರಾಯ್ಸ್ ಹಾಲಿಸ್. ಹೋದ ಈಸ್ಟರ್ ದಿನ ಚರ್ಚಿನ ಮುಂದಿನಿಂದ ಡ್ವೈಟನ ಅತ್ತೆ, ಕ್ಯಾಸಿಯ ತಾಯಿ ಆಡ್ರಿಯ ಕಾರನ್ನೇ ಎಳೆದೊಯ್ದು, ಊರೆದುರು ಅವಳಿಂದ ಉಗಿಸಿಕೊಂಡಿದ್ದ.

ಆ ಅತ್ತೆ ಸಂಜೆ ಬರುವವಳಿದ್ದಳು. ಸೋಮವಾರದಿಂದ ಡ್ವೈಟ್ ಕೆಲಸಕ್ಕೆ ಹೋಗಬೇಕು. ಬಾಣಂತಿ ಮತ್ತು ಮಗುವನ್ನು ನೋಡಿಕೊಳ್ಳಲು ಅವಳ ಹೊರತು ಗತಿಯಿರಲಿಲ್ಲ. ಅವಳು ಮುನಿಸಿಕೊಂಡರೆ ಕತೆ ಮುಗಿದಂತೆ.

ಮಧ್ಯಾಹ್ನ ರಾಯ್ಸ್ ಬಾಗಿಲಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿ, ಕಣ್ಣು ತುಂಬಿತ್ತು.

“ನಂಗೆ ಮಕ್ಕಳಿಲ್ಲಪ್ಪ. ಹೆಸರು ನನ್ ಜೊತೇಲೇ ಮಣ್ಣಾಗುತ್ತೆ ಅಂದ್ಕೊಂಡಿದ್ದೆ. ವರ್ಲೀನ್ ಫೋನಲ್ಲಿ ಹೇಳಿದ ತಕ್ಷಣ ಲಾರಿ ಪಕ್ಕಕ್ಕೆ ಹಾಕ್ಬಿಟ್ಟೆ.”

ಡ್ವೈಟ್ ಹೆಸರುಗಳ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದ. “ಹೌದು, ನಿಮ್ದೇ ಹೆಸರು,” ಎಂದ.

ಮುದುಕ ಮಗುವಿನ ಅಂಗಾಲನ್ನು ಒಂದು ಬೆರಳಿನಿಂದ ಮುಟ್ಟಿದ. ಹೊರಗೆ ಹೋಗಿ, ಡ್ವೈಟನ ಕಾರಿನ ಗಾಳಿಯಿಳಿದ ಚಕ್ರವನ್ನು ಬದಲಿಸಿ, ಯಾರಿಗೂ ಹೇಳದೆ ಹೊರಟುಹೋದ.

“ಅಮ್ಮನಿಗೆ ನೀನೇ ಹೇಳು,” ಎಂದಳು ಕ್ಯಾಸಿ. “ನಾನು ಮಲಗಿರ್ತೀನಿ.”

ಸಂಜೆ ಅತ್ತೆ ಹೊಸಿಲು ದಾಟುವ ಮೊದಲೇ ಡ್ವೈಟ್ ಶುರುಮಾಡಿದ. “ಹೆಸರು ಬದಲಾಯಿಸಿದೀವಿ, ಮಿಸ್ ಆಡ್ರಿ. ಲ್ಯಾಂಗ್ಲಿ ಅಂತ. ತೀರಿಹೋದ ಮಾವನ ಮನೆತನದ್ದೇ.”

ಅತ್ತೆಯ ಮುಖ ಇಳಿಯಿತು. ಕೈಚೀಲದೊಂದಿಗೇ ಕುರ್ಚಿಯಲ್ಲಿ ಕುಸಿದಳು.

“ಹಾಲಿಸ್ ಬೇಡ ಅಂದ್ಬಿಟ್ರಾ? ಪಾಪ, ರಾಯ್ಸ್ ಖುಷಿಗೆ ಮಧ್ಯಾಹ್ನದಿಂದ ಅಳ್ತಾ ಕೂತಿದಾರೆ.”

“ನಿಮಗೆ ಅವರನ್ನ ಕಂಡ್ರೆ ಆಗಲ್ವಲ್ಲ?”

“ಕಾರು ಬಿಡಿಸ್ಕೊಳ್ಳೋಕೆ ಹೋದವಳು ಕಾಫಿ ಕುಡ್ಕೊಂಡು ಬಂದೆ. ಆಮೇಲೆ ಬೇಕಂತಲೇ ಚರ್ಚ್ ಮುಂದೆ ನಿಲ್ಲಿಸೋಕೆ ಶುರುಮಾಡಿದೆ. ನಿಮಗೆ ಹೇಗೆ ಹೇಳೋದು ಅಂತ ಇಬ್ರೂ ಒದ್ದಾಡ್ತಿದ್ವಿ. ಹೆಸರು ಕೇಳಿ, ನಮ್ಮಿಬ್ರ ವಿಷಯ ಮಕ್ಕಳಿಗೆ ಗೊತ್ತಾಗಿದೆ, ಒಪ್ಪಿದಾರೆ ಅಂದ್ಕೊಂಡ್ವಿ.”

ಡ್ವೈಟ್ ಗೋಡೆಗೆ ಒರಗಿದ. “ಹಾಲಿಸ್ಸೇ ಇರ್ಲಿ. ಸುಮ್ನೆ ತಮಾಷೆ ಮಾಡ್ದೆ.”

ಅತ್ತೆ ಎದ್ದು ಅವನ ಹಣೆಗೆ ಮುತ್ತಿಟ್ಟಳು. “ಚಿನ್ನದಂಥ ಹುಡುಗ ನೀನು. ಇನ್ನು ಮುಚ್ಚುಮರೆ ಯಾಕೆ ಅಂತ ಪಾದ್ರಿಗಳಿಗೆ ಹೇಳಿಯೇ ಬಂದೆ. ಸೋಮವಾರ ಬೆಳಗ್ಗೆ ನಮ್ಮಿಬ್ರ ಮದುವೆ. ಅಲ್ಲಿಂದ ಸೀದಾ ಸಮುದ್ರದ ಕಡೆ, ಒಂದು ತಿಂಗಳು.”

ಒಳಗೆ ಹಾಲಿಸ್ ಎದ್ದು ಅಳತೊಡಗಿದ.

“ಹೋಗು ಕಂದ, ಎತ್ಕೋ,” ಎಂದಳು ಅತ್ತೆ. “ಈಗಿಂದ್ಲೇ ರೂಢಿ ಮಾಡ್ಕೊಂಡ್ರೆ ಒಳ್ಳೇದು.”